ಸಮುದ್ರಕ್ಕಿಳಿದ ಎಡಗಣ್ಣು

ನಮ್ಮ ಮನೆಯಲ್ಲಿ ಯಾರಿಗಾದರೂ ಏನಾದರೂ ಆದರೆ ಅದು ಅವರೊಬ್ಬರಿಗೇ ಆಗುವುದಿಲ್ಲ. ಇಚಲಕರಂಜಿಯಿಂದ ಗಡಹಿಂಗ್ಲಜದವರೆಗೆ ಇರುವ ಬಳಗಕ್ಕೆಲ್ಲ ಸ್ವಲ್ಪ ಸ್ವಲ್ಪ ಆಗುತ್ತದೆ. ಅಪ್ಪನ ಮೊಣಕಾಲು ನೋವಿಗೆ ಬೇರೆ ಮನೆಯವರು ಕುಂಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೋದ ವರ್ಷ ನನ್ನ ಆ ಕಣ್ಣಿನದೇ ಸರದಿ ಬಂತು. ಆಗ ನಗು ಬರಲಿಲ್ಲ. ಈಗ ಬರುತ್ತದೆ.

ಹಳದಿ ಮೀನು

ನಾನು ಮಾತು ಕಡಿಮೆಯವಳು. ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಸುಮ್ಮನಿದ್ದೆ, ಈಗ ಕೊಲ್ಹಾಪುರದ ಆಫೀಸಿನಲ್ಲಿ ಮರಾಠಿಯಲ್ಲಿ ಸುಮ್ಮನಿರುತ್ತೇನೆ, ಮನೆಗೆ ಬಂದರೆ ಕನ್ನಡದಲ್ಲಿ. ಆಫೀಸಿನ ಹುಡುಗಿಯರೆಲ್ಲ ಮಾಲವಣಕ್ಕೆ ಸ್ಕೂಬಾ ಡೈವಿಂಗ್‌ಗೆ ಹೊರಟಾಗ ನನ್ನನ್ನೂ ಕರೆದರು. ನೀರಿನ ಕೆಳಗೆ ಯಾರೂ ಮಾತಾಡುವಂತಿಲ್ಲ ಎಂದು ಕೇಳಿದ ಕೂಡಲೇ ಹೂಂ ಅಂದೆ.

ಒಂದೇ ತೊಡಕು. ನನ್ನ ಚಶ್ಮಾದ ನಂಬರು ಮೈನಸ್ ಹತ್ತರ ಹತ್ತಿರ. ಮುಖಕ್ಕೆ ಮಾಸ್ಕ್ ಹಾಕಿದ ಮೇಲೆ ಚಶ್ಮಾಕ್ಕೆ ಜಾಗವಿಲ್ಲ. ಕರೆದುಕೊಂಡು ಹೋಗುವ ಡೈವರ್ ಕಾಲಿಗೆ ರಬ್ಬರಿನ ಈಜುರೆಕ್ಕೆ ಹಾಕಿಕೊಳ್ಳುತ್ತ "ಏನಾದರೂ ತೊಂದರೆ ಇದೆಯಾ?" ಎಂದು ಮರಾಠಿಯಲ್ಲಿ ಕೇಳಿದ. ಎಲ್ಲರೂ ಇಲ್ಲ ಎಂದರು. ನನಗೊಬ್ಬಳಿಗೇ ಕಾಣಿಸುವುದಿಲ್ಲ ಎಂದು ಎಲ್ಲರ ಮುಂದೆ ಹೇಳಲು ನಾಚಿಕೆಯಾಗಿ ನಾನೂ ತಲೆ ಅಲ್ಲಾಡಿಸಿದೆ.

ಕೆಳಗೆ ಎಲ್ಲವೂ ಕಲಸಿದ ಬಣ್ಣ. ಆದರೆ ಒಂದು ದೊಡ್ಡ ಹಳದಿ ಮೀನು ಮಾತ್ರ ನನ್ನನ್ನು ಬಿಡದೆ ಪಕ್ಕದಲ್ಲೇ ಈಜುತ್ತಿತ್ತು. ಅದಕ್ಕೆ ಕೈ ಬೀಸಿದೆ. ಮೆಲ್ಲಗೆ ಸವರಿದೆ ಕೂಡ. ಅದು ಬೆಚ್ಚಿ ಹಿಂದೆ ಸರಿಯಿತು. ಮೇಲೆ ಬಂದ ಮೇಲೆ ಡೈವರನಿಗೆ, ಜೀವನದಲ್ಲಿ ಮೊದಲ ಸಲ ನಾನಾಗಿಯೇ ಬಾಯಿ ತೆರೆದು, "ಆ ಹಳದಿ ಮೀನಿನ ಹೆಸರೇನು?" ಎಂದು ಕೇಳಿದೆ.

ಆತ ಅತ್ತಿತ್ತ ನೋಡಿ, ಬೇರೆ ಯಾರಿಗೂ ಕೇಳದಂತೆ ಮೆಲ್ಲಗೆ ಹೇಳಿದ: "ಮ್ಯಾಡಮ್, ಅದು ನನ್ನ ಕಾಲು."

ಉಫ್

ಇಚಲಕರಂಜಿಯ ಶಹಾಪುರದಲ್ಲಿ ನಮ್ಮ ಮನೆ. ಕೆಳಗೆ ಅಪ್ಪನ ಪವರ್‌ಲೂಮ್ ಮಗ್ಗಗಳು, ಮೇಲೆ ನಾವು. ಮಾಲವಣದಿಂದ ಬಂದು ಕೆಲವು ವಾರಗಳಾಗಿರಬೇಕು, ಒಂದು ರವಿವಾರ ಎಡಗಣ್ಣಿನ ಮುಂದೆ ಕರಿ ಎಳೆಗಳು ತೇಲತೊಡಗಿದವು.

"ಅಪ್ಪಾ, ಕಣ್ಣ ಮುಂದ ದಾರ ಕಾಣಾಕತ್ತಾವ."

"ಮಗ್ಗದ ಮನ್ಯಾಗ ಹುಟ್ಟಿ ಮತ್ತೇನ ಕಾಣಬೇಕು? ಹತ್ತಿ ಹೊಕ್ಕೈತಿ, ತಡಿ." ಅಪ್ಪ ರೆಪ್ಪೆ ಬಿಡಿಸಿ ಉಫ್ ಎಂದು ಊದಿದ. ಹೋಗಲಿಲ್ಲ. ಆ ಕಡೆಯಿಂದ ಊದಿದ. ಹೋಗಲಿಲ್ಲ. ಕಡೆಗೆ ಮಗ್ಗ ರಿಪೇರಿ ಮಾಡುವ ಜಾಬರ್ ಮಾಮಾನನ್ನು ಮೇಲಕ್ಕೆ ಕರೆಸಿದ, ಅವರ ಉಸಿರು ಜೋರು ಎಂದು. ಅವರೂ ಊದಿ, ಸೋತು, "ಎಳಿ ಭಾಳ ಒಳಗ ಸಿಕ್ಕೊಂಡಾವ್ರಿ" ಎಂದರು.

ಮರುದಿನ ಬೆಳಿಗ್ಗೆ ಎಳೆಗಳ ಹಿಂದೆ ಒಂದು ಕಪ್ಪು ಪರದೆ ಕೆಳಗಿನಿಂದ ಏರುತ್ತಿತ್ತು. ಈಗ ಅವ್ವ ಯಾರ ಮಾತೂ ಕೇಳಲಿಲ್ಲ, ಸೀದಾ ಕೊಲ್ಹಾಪುರಕ್ಕೆ ಕರೆದೊಯ್ದಳು. ಅಪ್ಪ ಹಿಂದಿನಿಂದ ಓಡಿ ಬಂದು ಗಾಡಿ ಹತ್ತಿದ.

ಕಣ್ಣಿನ ಡಾಕ್ಟರರು ಗಡಿಭಾಗದ ಪೇಷಂಟರಿಂದಲೇ ಕನ್ನಡ ಕಲಿತವರು. ನೋಡಿ ಹೇಳಿದರು: ಕಣ್ಣಿನ ಹಿಂದಿನ ಪರದೆ, ರೆಟಿನಾ, ಹರಿದು ಕಳಚಿಕೊಳ್ಳುತ್ತಿದೆ. ನಡುಭಾಗ ಇನ್ನೂ ಅಂಟಿಕೊಂಡಿದೆ. ಅದು ಬಿಡುವುದರೊಳಗೆ ಆಪರೇಶನ್ ಆದರೆ ದೃಷ್ಟಿ ಉಳಿಯಬಹುದು. ಕಣ್ಣೊಳಗೆ ಗ್ಯಾಸಿನ ಗುಳ್ಳೆ ಬಿಡುತ್ತೇವೆ, ಅದು ಪರದೆಯನ್ನು ಒತ್ತಿ ಹಿಡಿಯಬೇಕಾದರೆ ಒಂದು ವಾರ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ತಲೆ ಎತ್ತಿದರೆ ಕೆಲಸ ಕೆಟ್ಟಿತು.

ಅವ್ವ ಸಿಟ್ಟಿನಿಂದ ಕೇಳಿದಳು: "ಸಮುದ್ರದಾಗ ಇಳದದ್ದಕ್ಕs ಆಗೈತಿ, ಹೌದಲ್ರಿ?"

"ಹಂಗ ಹೇಳಾಕ ಬರೂದಿಲ್ರಿ. ಇಷ್ಟ ನಂಬರ್ ಇದ್ದವರ ಪರದೆ ತೆಳ್ಳಗ ಇರತೈತಿ. ಮನ್ಯಾಗ ಕುಂತಿದ್ರೂ ಹರೀತಿತ್ತು."

"ಕೇಳಿದೇನು?" ಎಂದ ಅಪ್ಪ. "ಮನ್ಯಾಗ ಕುಂತಿದ್ರೂ ಹರೀತಿತ್ತಂತ."

ಅವ್ವ ಕಣ್ಣೊರೆಸಿಕೊಂಡಳು. "ಮನ್ಯಾಗ ಹರದಿದ್ರ ನಾಕ ಮಂದಿಗೆ ಹೇಳಾಕಾದ್ರೂ ಬರ್ತಿತ್ತು!"

ಮಗ್ಗ ನಿಂತಿತು

ಆಪರೇಶನ್ ಆಗಿ ಮನೆಗೆ ಬಂದೆವು. ಗುಳ್ಳೆ ಕರಗುವವರೆಗೆ ಎತ್ತರದ ಜಾಗಕ್ಕೆ ಹೋಗಬಾರದು, ವಿಮಾನ ಬೇಡ, ದೊಡ್ಡ ಘಟ್ಟ ಹತ್ತುವುದು ಬೇಡ ಎಂದು ಡಾಕ್ಟರರು ಹೇಳಿದ್ದರು. ಅಪ್ಪ ನಮ್ಮ ಮಾಡಿಯ, ಅಂದರೆ ಮಹಡಿಯ, ಮೆಟ್ಟಿಲಿನ ಬುಡದಲ್ಲಿ ನಿಂತು ಬಹಳ ಹೊತ್ತು ಮೇಲೆ ನೋಡಿದ. "ಮಾಡಿ ಮ್ಯಾಲ ಬ್ಯಾಡ" ಎಂದು ತೀರ್ಮಾನಿಸಿ ನನ್ನ ಹೊರಸಿನ ಮಂಚವನ್ನು ಕೆಳಗೆ, ಮಗ್ಗಗಳ ಪಕ್ಕಕ್ಕೇ ಹಾಕಿಸಿದ. ನನಗೆ ನಿದ್ದೆ ಬರಲಿ ಎಂದು ಮಗ್ಗಗಳನ್ನೆಲ್ಲ ಬಂದ್ ಮಾಡಿಸಿದ.

ನಮ್ಮ ಓಣಿಯಲ್ಲಿ ಮಗ್ಗದ ಸದ್ದಿಗೆ ಯಾರೂ ಎಚ್ಚರಾಗುವುದಿಲ್ಲ, ಅದು ನಿಂತರೆ ಎಲ್ಲರೂ ಎಚ್ಚರಾಗುತ್ತಾರೆ. ಕರೆಂಟ್ ಇದ್ದೂ ಹಗಲುಹೊತ್ತಿನಲ್ಲಿ ಮಗ್ಗ ನಿಂತಿತೆಂದರೆ ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಪಕ್ಕದ ಮನೆಯ ಕಾಕೂ ಸೆರಗು ಬಾಯಿಗಿಟ್ಟು ಒಳಗೆ ಬಂದಳು. ನಾನು ಚಾದರ ಹೊದ್ದು, ಬೋರಲಾಗಿ, ಅಲುಗಾಡದೆ ಮಲಗಿದ್ದೆ.

"ಅಯ್ಯೋ ನನ್ನ ಮಗಳs, ಸಣ್ಣ ವಯಸ್ಸಿನ್ಯಾಗ ಹೋದ್ಯಲ್ಲs!"

ತಲೆ ಎತ್ತುವ ಹಾಗಿಲ್ಲ. ಚಾದರದೊಳಗಿಂದ ಒಂದು ಕೈ ಹೊರಗೆ ಹಾಕಿ ಅಲ್ಲಾಡಿಸಿದೆ. "ಕಾಕೂ, ನಾ ಇನ್ನೂ ಅದೀನ್ರಿ."

ಅಳು ಥಟ್ಟನೆ ನಿಂತಿತು. "ಮತ್ತ ಮಗ್ಗ ಯಾಕ ಬಂದ್ ಮಾಡೀರಿ?" ಎಂದು ಆಕೆ ನನ್ನ ಮೇಲೆಯೇ ರೇಗಿದಳು.

ಸಂಜೆ ಅಪ್ಪ ಡಾಕ್ಟರರಿಗೆ ಫೋನ್ ಹಚ್ಚಿ, "ನಮ್ಮ ಮಾಡಿ ಎತ್ತರದಾಗ ಬರತೈತೇನ್ರಿ?" ಎಂದು ಕೇಳಿದ. ಅವರು ನಕ್ಕದ್ದು ನನ್ನ ಹೊರಸಿನವರೆಗೂ ಕೇಳಿಸಿತು. ರಾತ್ರಿಯೂಟಕ್ಕೆ ನಾನು ಮೇಲಿದ್ದೆ.

ಹೊರಸಿನ ಕೆಳಗೆ

ನನಗೆ ಉಸಿರಾಡಲು ಅನುಕೂಲವಾಗಲಿ ಎಂದು ಅಪ್ಪ ಹೊರಸಿನ ಪಟ್ಟಿಗಳನ್ನು ಸರಿಸಿ ಮುಖದ ಮಟ್ಟಿಗೆ ಒಂದು ಕಿಂಡಿ ಮಾಡಿಕೊಟ್ಟಿದ್ದ. ಮಹಾಗಾಂವದಿಂದ ಆಯಿ, ಅಂದರೆ ಅವ್ವನ ಅವ್ವ, ಎಳನೀರು ಹಿಡಿದುಕೊಂಡು ಬಂದಳು. ನನ್ನ ಬೆನ್ನು ಸವರಿದಳು, ಮುಖ ಕಾಣದೆ ಸಮಾಧಾನವಾಗಲಿಲ್ಲ.

"ಪೇಷಂಟ್ ಮಾರಿ ನೋಡದs ಹೆಂಗ ಹೋಗ್ಲಿ?" ಎಂದು ಚಾಪೆ ಹಾಸಿ, ತೆವಳಿ, ಹೊರಸಿನ ಕೆಳಗೆ ಅಂಗಾತ ಮಲಗಿದಳು. "ಹಾಂ, ಈಗ ಬರೋಬರ ಕಾಣ್ತಿ. ಉಂಡೇನವಾ?"

ಅಷ್ಟೇ, ಅದೇ ಪದ್ಧತಿಯಾಯಿತು. ಬಂದವರೆಲ್ಲ ಚಪ್ಪಲಿ ಬಿಟ್ಟು ಹೊರಸಿನ ಕೆಳಗೆ ಹೋಗಿ ಮಾತಾಡಿಸಿ ಹೊರಬರುತ್ತಿದ್ದರು. ಮಾತಾಡಿಸಲು ಬಂದವರ ಮುಖ ತಪ್ಪಿಸುವುದರಲ್ಲಿ ನಾನು ಪಳಗಿದವಳು. ಇಲ್ಲಿ ತಪ್ಪಿಸುವ ದಾರಿಯೇ ಇರಲಿಲ್ಲ. ಒಂದು ಮಧ್ಯಾಹ್ನ ಆಯಿ ಮತ್ತು ಪಕ್ಕದ ಕಾಕೂ ಇಬ್ಬರೂ ಕೂಡಿಯೇ ಕೆಳಗೆ ಹೋದರು. ನೆಲ ತಂಪಾಗಿತ್ತು. ಯಾವುದೋ ಮದುವೆಯ ಊಟದ ಮಾತು ಹತ್ತಿತು. ಅವ್ವ ಕಣ್ಣಿಗೆ ಡ್ರಾಪ್ಸ್ ಹಾಕಲು ಬಂದಾಗ ಪೇಷಂಟ್ ಒಬ್ಬಳೇ ಎಚ್ಚರವಿದ್ದಳು. ನೋಡಲು ಬಂದವರಿಬ್ಬರೂ ಗೊರಕೆ ಹೊಡೆಯುತ್ತಿದ್ದರು.

ಸಂಸ್ಕಾರ

ವಾರ ಮುಗಿಯುವ ಮೊದಲೇ ಗಡಹಿಂಗ್ಲಜದ ಒಂದು ಮನೆಯವರು ನನ್ನನ್ನು ನೋಡಲು ಬರುವುದಿತ್ತು. ಪೇಷಂಟ್ ಎಂದಲ್ಲ, ಕನ್ಯೆ ಎಂದು. ಮುಂದಿನ ತಿಂಗಳು ಬರಲು ಹೇಳು ಎಂದು ಅವ್ವ ಸಂಬಂಧ ತಂದಿದ್ದ ನನ್ನ ಸೋದರಮಾವನಿಗೆ ಹೇಳಿದ್ದಳು. ಒಳ್ಳೆಯ ದಿನ ಇರುವಾಗ ಬೇಡ ಎನ್ನುವುದು ಹೇಗೆಂದು ಮಾವ ಆ ಮಾತನ್ನು ಅವರಿಗೆ ಮುಟ್ಟಿಸಿರಲೇ ಇಲ್ಲ. ಬಾಗಿಲಿಗೆ ಗಾಡಿ ಬಂದು ನಿಂತಿತು. ಅವ್ವ ಗಡಿಬಿಡಿಯಲ್ಲಿ ನನಗೊಂದು ಸೀರೆ ಸುತ್ತಿ, ಗದ್ದ ಎದೆಗೆ ಹಚ್ಚಿದ್ದಂತೆಯೇ ತಂದು ಕೂರಿಸಿದಳು. ನನಗೆ ಕಂಡದ್ದು ಬರೀ ಕಾಲುಗಳು: ಕಾಲುಂಗುರದವು ಹುಡುಗನ ಸೋದರತ್ತೆಯವು, ಕರಿ ಸಾಕ್ಸಿನವು ಹುಡುಗನವು.

"ಏನ ಸಂಸ್ಕಾರರೀ!" ಎಂದಳು ಅತ್ತೆ. "ಈಗಿನ ಹುಡಿಗ್ಯಾರು ಮಾರೀಗಿ ಮಾರಿ ಕೊಟ್ಟ ನೋಡತಾರ. ಈಕಿ ತಲೀನ ಎತ್ತವಲ್ಳು. ಒಂದ ಸಲ ಎತ್ತವಾ, ನೋಡೂಣು."

"ಬ್ಯಾಡ್ರಿ," ಎಂದೆ.

"ಧ್ವನಿನೂ ಎಷ್ಟ ಸಣ್ಣದು!"

ಅಪ್ಪನಿಗೆ ತಡೆಯಲಾಗಲಿಲ್ಲ. "ಎತ್ತವಲ್ಳು ಅಲ್ರಿ, ಎತ್ತಬಾರದು. ಕಣ್ಣಿಂದು ಆಪರೇಶನ್ ಆಗೈತಿ."

"ಅಯ್ಯ, ಹೆಂಗಾತ್ರಿ?"

ಅಪ್ಪ ಡಾಕ್ಟರರು ಹೇಳಿದ್ದನ್ನು ಹೇಳಬೇಕಿತ್ತು. ಗಾಬರಿಯಲ್ಲಿ ಅವ್ವ ಹೇಳುವುದನ್ನು ಹೇಳಿಬಿಟ್ಟ: "ಸಮುದ್ರದ ತಳಕ್ಕ ಹೋಗಿದ್ಳ್ರಿ."

ಕಾಲುಂಗುರದ ಕಾಲುಗಳು ಮೆಲ್ಲಗೆ ಕುರ್ಚಿಯ ಕೆಳಗೆ ಸರಿದವು. ಕರಿ ಸಾಕ್ಸ್ ಮಾತ್ರ ಒಂದು ಗೇಣು ಮುಂದೆ ಬಂತು. "ಅಲ್ಲಿ ಏನೇನ ಕಂಡ್ರಿ?"

ಯಾರೂ ಇಷ್ಟು ಪ್ರೀತಿಯಿಂದ ಕೇಳಿರಲಿಲ್ಲ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಒಬ್ಬರ ಕಾಲ್ರಿ," ಎಂದೆ.

ಅವರು ಚಹಾ ಕುಡಿದು ಹೋದರು. ಜಾತಕ ಕೂಡಿ ಬರಲಿಲ್ಲ ಎಂದು ಆಮೇಲೆ ಹೇಳಿ ಕಳಿಸಿದರು. ಅವ್ವ ಅವರಿಗೆ ನನ್ನ ಜಾತಕ ಕೊಟ್ಟೇ ಇರಲಿಲ್ಲ.

ಜಾಸ್ತಿ ಆಯಿತು

ಗುಳ್ಳೆ ಪೂರ್ತಿ ಕರಗಿದ ಮೇಲೆ ಕಡೆಯ ತಪಾಸಣೆ. ಆ ದಿನದ ಬಗ್ಗೆ ಮನೆಯಲ್ಲಿ ಯಾರೂ ಮಾತೆತ್ತುತ್ತಿರಲಿಲ್ಲ. ಪರದೆ ಅಂಟಿದೆಯೋ, ಮತ್ತೆ ಬಿಟ್ಟಿದೆಯೋ ಅಂದೇ ತಿಳಿಯಬೇಕು. ಅಪ್ಪ, ಅವ್ವ ಅಲ್ಲದೆ ಆಯಿಯೂ ಹಟ ಮಾಡಿ ಕೊಲ್ಹಾಪುರಕ್ಕೆ ಬಂದಳು.

ತಪಾಸಣೆಯ ಹುಡುಗಿ ನನ್ನ ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ಗಾಜು ಹಾಕಿ, ಗೋಡೆಯ ಮೇಲಿನ ಇಂಗ್ಲಿಷ್ ಅಕ್ಷರ ಓದಿಸಿದಳು. ಮೊದಲ ಸಾಲು ಬಂತು. ಎರಡನೆಯದೂ ಬಂತು. ಮುಂದಿನ ಸಾಲಿನಲ್ಲಿ ತಡವರಿಸಿದೆ. ಹಿಂದಿನಿಂದ ಅಪ್ಪನ ಪಿಸುದನಿ: "ಝಡ್ ಐತಿ, ಝಡ್." ಅವ್ವ ಅವನಿಗೆ ಮೊಣಕೈಯಿಂದ ತಿವಿದಳು: "ಝಡ್ ಅಲ್ಲ, ಎನ್ ಅದು. ಎನ್ ಅನ್ನs." ಹುಡುಗಿ ಇಬ್ಬರನ್ನೂ ಹೊರಗೆ ಕಳಿಸಿದಳು. ಆಯಿಗೆ ಇಂಗ್ಲಿಷ್ ಬರುವುದಿಲ್ಲವೆಂದು ಅವಳನ್ನೊಬ್ಬಳನ್ನೇ ಒಳಗೆ ಬಿಟ್ಟಳು.

ಡಾಕ್ಟರರು ಬಂದು ಬೆಳಕು ಬಿಟ್ಟು ಕಣ್ಣಿನ ಮೂಲೆ ಮೂಲೆ ನೋಡಿದರು. ಕಡೆಗೆ ದೀಪ ಹಚ್ಚಿ ಹೇಳಿದರು: "ಪರದೆ ಗಟ್ಟಿ ಕೂತೈತಿ. ಇನ್ನ ಕಾಳಜಿ ಬ್ಯಾಡ."

ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದ ಅವ್ವ ಅಲ್ಲೇ ಅಳಲು ಸುರು ಮಾಡಿದಳು. ಅಪ್ಪ ಗೋಡೆಯ ಕಡೆ ತಿರುಗಿ ನಿಂತ. ಆಯಿಗೆ ಮಾತ್ರ ಡಾಕ್ಟರರ ಮಾತು ಸಾಕಾಗಲಿಲ್ಲ. ಎದ್ದು ಬಂದು ತನ್ನ ಅಂಗೈಯಿಂದ ನನ್ನ ಬಲಗಣ್ಣು ಮುಚ್ಚಿ ಮುಖ ಹತ್ತಿರ ತಂದಳು.

"ಖರೇನ ಕಾಣ್ತೈತಿ? ನನ್ನ ಮಾರಿ ನೋಡಿ ಹೇಳ, ಏನ ಕಾಣ್ತೈತಿ?"

ಎಡಗಣ್ಣಿನಿಂದ ನೋಡಿದೆ. ಮೂಗುತಿ ಕಂಡಿತು, ಹಣೆಯ ವಿಭೂತಿ ಕಂಡಿತು, ಒಂದೊಂದು ಸುಕ್ಕೂ ಕಂಡಿತು. ಕಣ್ಣು ತುಂಬಿ ಬಂತು. ಸಂತೋಷಕ್ಕೆ ಬಾಯಿ ತಾನಾಗಿಯೇ ಬಿಚ್ಚಿತು.

"ಎಲ್ಲಾ ಕಾಣ್ತೈತಿ ಆಯಿ! ನಿನ್ನ ಗದ್ದದ ಮ್ಯಾಲ ಗಡ್ಡದ ಕೂದಲಾ ಬಂದಾವ, ಅವೂ ಕಾಣ್ತಾವ!"

ಆಯಿ ಕೈ ಕೆಳಗಿಳಿಸಿ, ಸೆರಗಿನಿಂದ ಗದ್ದ ಮುಚ್ಚಿಕೊಂಡು, ಡಾಕ್ಟರರ ಕಡೆ ತಿರುಗಿದಳು.

"ಸಾಹೇಬ್ರ, ಜರಾ ಜಾಸ್ತಿ ಆಗೈತ್ರಿ. ಇಷ್ಟ ಬ್ಯಾಡ, ಸ್ವಲ್ಪ ಕಡಿಮಿ ಮಾಡ್ರಿ."