ಬಿ.ಜಿ. ಕೆರೆ ದಂಡೆಯಲ್ಲಿ ನಾನು ಸುಟ್ಟ ಮೊಟ್ಟೆ

ಮದುವೆಯಾದ ಮೂರನೇ ತಿಂಗಳಿಗೆ ಹೆಂಡತಿ ತಿಪ್ಪಮ್ಮನನ್ನು ತವರಿನಿಂದ ಕರೆತರುವ ಭಾಗ್ಯ ನನಗೆ ಒದಗಿತು. ಅವಳ ಊರು ಮೊಳಕಾಲ್ಮೂರಿನ ಆಚೆ, ಮನೆಯಲ್ಲಿ ತೆಲುಗು ಮಾತು. ನನ್ನದು ನನ್ನಿವಾಳ. ಮೋಟಾರಿನ ಹೆಸರನ್ನೂ ಕೇಳದ ಕಾಲ; ಎತ್ತಿನ ಗಾಡಿಯೇ ಗತಿ. ದಾರಿಯಲ್ಲಿ ಬಿ.ಜಿ. ಕೆರೆ ದಂಡೆಯಲ್ಲಿ ತಂಗಿದ್ದೆವು. ಬೆಳಿಗ್ಗೆ ಗಾಡಿಯಲ್ಲೊಂದು ಬುಟ್ಟಿ ಕಂಡಿತು. ತೆಗೆದು ನೋಡಿದರೆ ಹೊಟ್ಟಿನ ನಡುವೆ ಎಂಟು ಮೊಟ್ಟೆ! ಅಳಿಯನ ಮೇಲೆ ಅತ್ತೆಗೆ ಎಷ್ಟು ಅಕ್ಕರೆ ಎಂದುಕೊಂಡೆ.

ತಿಪ್ಪಮ್ಮ ನೀರಿಗೆ ಹೋಗಿದ್ದಳು. ಬರುವಷ್ಟರಲ್ಲಿ ಬಿಸಿಬಿಸಿ ಮೊಟ್ಟೆ ಮುಂದಿಟ್ಟು, ಎಂಥ ಗಂಡ ಸಿಕ್ಕಿದ್ದಾನೆಂದು ತೋರಿಸಬೇಕೆನಿಸಿತು. ಅಡುಗೆ ನಾನು ಮಾಡಿದವನಲ್ಲ. ಆದರೆ ಮೊಟ್ಟೆ ಬೇಯಿಸಲು ವಿದ್ಯೆ ಬೇಕೇ? ಇದ್ದೊಂದು ಪಾತ್ರೆ ಅವಳ ಜೊತೆ ಹೋಗಿತ್ತು. ಜಾಲಿ ಕಡ್ಡಿ ಉರಿಸಿ, ಎಂಟನ್ನೂ ಕೆಂಡದಲ್ಲಿ ಹೂತೆ.

ಢಬ್!

ಮೊದಲನೆಯದು ಸಿಡಿದು ನನ್ನ ಮೀಸೆಯನ್ನು ಅಲಂಕರಿಸಿತು. ಎರಡನೆಯದರ ಸದ್ದಿಗೆ ಎತ್ತು ಹಗ್ಗ ಕಿತ್ತುಕೊಂಡು ಓಡಿತು. ನಾನು ಎತ್ತಿನ ಹಿಂದೆ ಓಡಿದೆ. ಅದನ್ನು ಹಿಡಿದು ತರುವಷ್ಟರಲ್ಲಿ ಉಳಿದವೂ ಸಿಡಿದು, ಒಂದೇ ಒಂದು ಮಾತ್ರ ಸಿಡಿಯದೆ ಕರ್ರಗಾಗಿ ಬಿದ್ದಿತ್ತು. ಸುಲಿದು, ಹೊಂಗೆ ಎಲೆಯ ಮೇಲಿಟ್ಟು, ಆಗ ತಾನೇ ಬಂದ ತಿಪ್ಪಮ್ಮನಿಗೆ ಸಾದರವಾಗಿ ಸಮರ್ಪಿಸಿದೆ.

"ತಗಾ, ನಿನಗೇ ಅಂತ ಮಾಡೀನಿ."

ಅವಳು ಮೊಟ್ಟೆ ನೋಡಿದಳು. ಬುಟ್ಟಿ ನೋಡಿದಳು.

"ಅಯ್ಯೋ, ನಾ ಗುಡ್ಲು, ನನ್ನ ಮೊಟ್ಟೆಗಳು! ಇವು ತಿನ್ನಾಕಲ್ರೀ, ಕಾವಿಗೆ ಕೂರ್ಸಾಕೆ! ನಿಮ್ಮನ್ಯಾಗೆ ನಂದೂ ಅಂತ ನಾಲ್ಕು ಕೋಳಿ ಇರ್ಲಿ ಅಂತ ಅವ್ವ ಆರಿಸಿ ಕೊಟ್ಟಿದ್ಲು..."

ಅತ್ತೇಬಿಟ್ಟಳು. ನಾನು ಬುಟ್ಟಿಯತ್ತ ಧಾವಿಸಿದೆ. ಹೊಟ್ಟನ್ನೆಲ್ಲ ಕೆದಕಿದಾಗ ತಳದಲ್ಲಿ ಇನ್ನೊಂದು ಮೊಟ್ಟೆ ಸಿಕ್ಕಿತು. ಅದನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು, ಊರು ತಲುಪುವವರೆಗೂ ನನ್ನ ಕಡೆ ನೋಡಲಿಲ್ಲ.

ಮನೆಯಲ್ಲಿ ಕಾವಿಗೆ ಕೂತಿದ್ದ ಕೋಳಿಯ ಕೆಳಗೆ ಅದನ್ನಿಟ್ಟೆವು. ಇಪ್ಪತ್ತೊಂದು ದಿನ ಅವಳ ಮುಖದಲ್ಲಿ ನಗುವಿಲ್ಲ. ದಿನಕ್ಕೆ ನಾಲ್ಕು ಸಲ ನಾನು ಹೋಗಿ ಇಣುಕುತ್ತಿದ್ದೆ. ಕೋಳಿಯೂ ನನ್ನನ್ನು ಕುಕ್ಕುತ್ತಿತ್ತು! ಕೊನೆಗೆ ಮರಿ ಹೊರಗೆ ಬಂತು.

"ನಿಮ್ಮ ಕೈಯಾಗ್ಲಿಂದ ಒಂದಾದ್ರೂ ಉಳೀತಲ್ಲ!" ಎಂದು ಅವಳು ಬಿದ್ದು ಬಿದ್ದು ನಕ್ಕಳು.

ಅವಳು ತೀರಿಕೊಂಡು ವರ್ಷಗಳಾದವು. ಆ ನಗು ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ಆ ಮರಿ ಹುಟ್ಟಿದ ಮರುವರ್ಷ ಅವಳ ತವರಿನಲ್ಲಿ ಮಗ ಹುಟ್ಟಿದ. ನೋಡಲು ಹೋದೆ. ಅತ್ತೆ ಕೂಸನ್ನು ತಂದು ನನ್ನ ಕೈಗೆ ಕೊಡುವುದರಲ್ಲಿದ್ದರು. ಒಳಗಿನಿಂದ ಬಾಣಂತಿ, ನನಗೂ ತಿಳಿಯಲೆಂದು ಕನ್ನಡದಲ್ಲೇ ಕೂಗಿದಳು:

"ಅವ್ವಾ, ಮೊದ್ಲು ಒಲೆ ಆರೈತಾ ನೋಡು!"

ನಾನು ಒಲೆಯಿಂದ ಎರಡು ಹೆಜ್ಜೆ ದೂರ ಸರಿದು, ಆಮೇಲೆ ಕೈ ಚಾಚಿದೆ.