ದಿಂಬಿನ ಮೇಲೊಂದು ವರ್ಷ

ಐವತ್ತು ತುಂಬಿದ ಗಂಡಸಿಗೆ ಮೂರರಲ್ಲಿ ಒಂದು ಅಂಟಿಕೊಳ್ಳುತ್ತದಂತೆ: ಸಕ್ಕರೆ ಕಾಯಿಲೆ, ಅಧ್ಯಾತ್ಮ ಅಥವಾ ಕಲೆ. ಮೊದಲನೆಯದಕ್ಕೆ ಮಾತ್ರೆ ಇದೆ. ಎರಡನೆಯದರಿಂದ ಮನೆಯವರಿಗೆ ಒಂದಿಷ್ಟು ನೆಮ್ಮದಿಯಾದರೂ ಸಿಗುತ್ತದೆ. ನಮ್ಮ ನಕ್ಷೆಗಾರರಿಗೆ ಅಂಟಿಕೊಂಡದ್ದು ಮೂರನೆಯದು.

ಅದಕ್ಕೆ ಕಾರಣವೂ ಇತ್ತೆನ್ನಿ. ಒಳಚರಂಡಿ ಕಚೇರಿಯಲ್ಲಿ ಅರ್ಧ ಆಯುಷ್ಯ ನಕ್ಷೆ ಬರೆದವರು ಅವರು. ಅಕ್ಷರವೆಂದರೆ ಮುತ್ತು ಪೋಣಿಸಿದ ಹಾಗೆ. ಆದರೆ ಆ ಮುತ್ತುಗಳಿಂದ ಅವರು ಬರೆಯುತ್ತಿದ್ದದ್ದು ‘ಕೊಳವೆ’, ‘ಮುಚ್ಚಳ’, ‘ಕೊಳಚೆ ಈ ಕಡೆ ಹರಿಯುತ್ತದೆ’ ಇಂಥ ಮಹಾವಾಕ್ಯಗಳನ್ನು. ಆಮೇಲೆ ಕಚೇರಿಗೆ ಕಂಪ್ಯೂಟರ್ ಬಂತು. ಅವರನ್ನು ಯಾರೂ ಬೈಯಲಿಲ್ಲ, ಯಾರೂ ಕುರ್ಚಿಯಿಂದ ಎಬ್ಬಿಸಲಿಲ್ಲ. ಅವರ ಅಕ್ಷರವನ್ನು ಕೇಳುವವರು ಮಾತ್ರ ಇಲ್ಲದಂತಾಯಿತು. ಅದು ಅವರಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಕಡ್ಡಿಯಂತೆ ಒಳಗೊಳಗೇ ನೋಯುತ್ತಿತ್ತು.

ಹೀಗಾಗಿ ತಮ್ಮ ಹುಟ್ಟಿದ ದಿನ ಅವರು ಮನೆಯವರನ್ನೆಲ್ಲ ಕೂರಿಸಿಕೊಂಡು ಘೋಷಣೆ ಹೊರಡಿಸಿದರು. ಒಂದು ವರ್ಷ, ವಾರಕ್ಕೊಂದು ಟೀ ಶರ್ಟ್. ಪ್ರತಿಯೊಂದರ ಮೇಲೂ ಒಂದು ಗಾದೆ, ಅದಕ್ಕೊಂದು ಚಿತ್ರ. ಎಲ್ಲವೂ ಕೈಬರಹ. ವರ್ಷದ ಕೊನೆಗೆ ತಾವಿದ್ದ ಕಟ್ಟಡದ ಕೆಳಗಿನ ಸಭಾಂಗಣದಲ್ಲಿ ಪ್ರದರ್ಶನ.

“ಎಲ್ಲಿ ಕೂತು ಬರೀತೀರಿ?” ಎಂದು ಕೇಳಿದವರು ಮನೆಯಾಕೆ. ಈಕೆ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಮೇಡಂ. ಉತ್ತರಕ್ಕಿಂತ ಮೊದಲು ವಿಧಾನ ಕೇಳುವುದು ಇವರ ಅಭ್ಯಾಸ.

“ಊಟದ ಮೇಜಿನ ಮೇಲೆ.”

“ಮತ್ತೆ ಊಟ?”

“ತೊಡೆ ಮೇಲೆ ತಟ್ಟೆ ಇಟ್ಕೊಂಡ್ರೆ ಆಗಲ್ವಾ? ಕಲೆಗಾಗಿ ಜನ ಏನೇನೋ ಬಿಟ್ಟಿದ್ದಾರೆ. ನಾವು ಒಂದು ಮೇಜು ಬಿಡಕ್ಕಾಗಲ್ವಾ?”

“ಬಿಡೋರು ನಾವು, ಹಿಡಿಯೋರು ನೀವು,” ಎಂದರು ಮೇಡಂ. “ಆಯ್ತು. ಒಂದು ವರ್ಷ ಮೇಜು ನಿಮ್ಮದು. ಆದ್ರೆ ಒಂದು ಷರತ್ತು. ಪ್ರದರ್ಶನದ ದಿನ, ಈ ಮನೆಯವರಲ್ಲದ ಒಬ್ಬರೇ ಒಬ್ಬರು ನಿಮ್ಮ ಟೀ ಶರ್ಟ್ ಹಾಕ್ಕೊಂಡು ರಸ್ತೆಗೆ ಇಳಿದು ಬರಲಿ. ಆಗ ಮೇಜು ನಿಮಗೇ ಬಿಟ್ಟೆ. ಯಾರೂ ಹಾಕ್ಕೊಳ್ಳಲಿಲ್ಲ ಅಂದ್ರೆ ಬಣ್ಣ, ಕುಂಚ ಎಲ್ಲ ಅಟ್ಟಕ್ಕೆ. ಮತ್ತೆ ಆ ಮಾತು ಎತ್ತಬಾರದು.”

“ಒಪ್ಪಿದೆ,” ಎಂದರು ನಕ್ಷೆಗಾರರು. ಒಬ್ಬರೇನು, ಬೀದಿಗೆ ಬೀದಿಯೇ ತಮ್ಮ ಅಕ್ಷರ ಹೊತ್ತು ತಿರುಗುವುದು ಅವರಿಗೆ ಆಗಲೇ ಕಾಣುತ್ತಿತ್ತು.

ಮೂಲೆಯ ಕುರ್ಚಿಯಿಂದ ಒಂದು ಕೆಮ್ಮು ಕೇಳಿಸಿತು. ಅದು ಮಾವನವರದು, ಎಂದರೆ ಮೇಡಂ ಅವರ ತಂದೆಯದು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಇವರಿಗೆ ಯಾರನ್ನು ಕಂಡರೂ ಟಿಕೆಟ್ ಇಲ್ಲದವರ ಹಾಗೇ ಕಾಣುತ್ತಿತ್ತು. “ನನ್ನನ್ನೇನೂ ಕೇಳಬೇಡಿ. ನಾನು ಎರಡು ದಿನಕ್ಕೆ ಬಂದ ನೆಂಟ,” ಎಂದರು. (ಈ ಎರಡು ದಿನದಲ್ಲಿ ಮೊಮ್ಮಗಳು ಹೈಸ್ಕೂಲು ಮುಗಿಸಿ ಕಾಲೇಜು ಸೇರಿದ್ದಳು.)

ಮೊದಲ ವಾರ ನಕ್ಷೆಗಾರರು ಟೀ ಶರ್ಟನ್ನು ನಕ್ಷೆಯ ಹಲಗೆಗೆ ಬಿಗಿದು, ಪಟ್ಟಿ ಇಟ್ಟು ಗೆರೆ ಎಳೆದು, ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದು ಬರೆದರು. ಹಲಗೆಯ ಮೇಲೆ ಅದು ಶಾಸನದಂತೆ ಮೆರೆಯಿತು. ಹಾಕಿಕೊಂಡು ನಡುಮನೆಗೆ ಬಂದರು. ‘ಮಾತು’ ಎದೆಯ ಮೇಲೆ ನೆಟ್ಟಗಿತ್ತು. ‘ಮೌನ’ ಬಂದು ಕೂತದ್ದು ಸರಿಯಾಗಿ ಹೊಟ್ಟೆಯ ಮೇಲೆ. ನಕ್ಷೆಗಾರರ ಹೊಟ್ಟೆ ಆ ಕಾಲಕ್ಕೆ ಸಾಕಷ್ಟು ಘನತೆ ಪಡೆದಿತ್ತು. ಬಟ್ಟೆ ಹಿಗ್ಗಿ ಅಕ್ಷರಗಳು ನಡುವೆ ಉಬ್ಬಿ ನಿಂತವು.

ಮಾವನವರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಅಳಿಯಂದಿರೇ, ಮೌನಕ್ಕೆ ಎಷ್ಟು ತಿಂಗಳು?”

ಮಗಳು ನಕ್ಕು ನಕ್ಕು ನೆಲಕ್ಕೆ ಕುಸಿದಳು. ಮೇಡಂ ಅಡುಗೆಮನೆಗೆ ಹೋಗಿ ನಕ್ಕರು. (ಅಷ್ಟರ ಮಟ್ಟಿಗೆ ಪತಿಭಕ್ತಿ.)

ಬೇರೆ ಯಾರಾದರೂ ಆಗಿದ್ದರೆ ಅಕ್ಷರವನ್ನು ಎದೆಯ ಮಟ್ಟಕ್ಕೆ ಏರಿಸಿ ಸುಮ್ಮನಾಗುತ್ತಿದ್ದರು. ಆದರೆ ಇವರು ಏರುತಗ್ಗಿನ ನೆಲದಲ್ಲಿ ಕೊಳವೆ ಹಾಯಿಸಿದವರು. ಗುಡ್ಡ ಅಡ್ಡ ಬಂದರೆ ಗುಡ್ಡವನ್ನು ಬೈಯದೆ ಅಳೆಯಬೇಕು ಎಂಬುದು ಅವರ ಕಸುಬಿನ ಪಾಠ. ಕನ್ನಡಿಯ ಮುಂದೆ ನಿಂತು ಟೇಪು ಹಿಡಿದು ತಮ್ಮ ಹೊಟ್ಟೆಯನ್ನು ಅಡ್ಡ, ಉದ್ದ, ಓರೆ ಎಲ್ಲ ಕಡೆಯಿಂದ ಅಳೆದು, ಗುಡ್ಡದ ನಕ್ಷೆಯ ಹಾಗೆ ಸುತ್ತುಗೆರೆಗಳನ್ನು ಎಳೆದು, ಅದರದೇ ಒಂದು ಪ್ರತಿಕೃತಿ ಮಾಡಲು ಕೂತರು. ಅದಕ್ಕೆ ದಪ್ಪನೆಯ ದಿಂಬು ಬೇಕಾಯಿತು. ಮನೆಯಲ್ಲಿ ಅಷ್ಟು ದಪ್ಪನೆಯ ದಿಂಬು ಇದ್ದದ್ದು ಒಂದೇ. ಮಾವನವರು ಸ್ನಾನಕ್ಕೆ ಹೋಗಿದ್ದಾಗ ಅದು ಹಲಗೆಯ ಮೇಲೆ ಬಂದು ಕೂತಿತು. ಅಲ್ಲಿ ಹಗ್ಗ ಬಿಗಿದು, ಇಲ್ಲಿ ಹತ್ತಿ ತುಂಬಿ, ಸಂಜೆಯ ಹೊತ್ತಿಗೆ ನಕ್ಷೆಗಾರರ ಹೊಟ್ಟೆ ಮೇಜಿನ ಮೇಲೆ ಸಾಕ್ಷಾತ್ ಮಲಗಿತ್ತು.

“ನನ್ನ ದಿಂಬು?” ಎಂದರು ಮಾವನವರು.

“ಕಲೆಗೆ ಕೊಟ್ಟಿದ್ದೀರಿ, ಮಾವ.”

“ನಾನು ಯಾವಾಗ ಕೊಟ್ಟೆ?”

“ಒಂದು ವರ್ಷ ಅಷ್ಟೇ.”

ಅಂದಿನಿಂದ ಮಾವನವರ ಕುತ್ತಿಗೆ ಎಡಕ್ಕೆ ವಾಲಿತು. ಅವರು ದಿನಕ್ಕೊಂದು ಸಲ ದಿಂಬು ಕೇಳುವುದು, ನಕ್ಷೆಗಾರರು ಬಣ್ಣ ಹಸಿಯಾಗಿದೆ ಎನ್ನುವುದು ಮನೆಯ ನಿತ್ಯವಿಧಿಯಾಯಿತು.

ಆದರೆ ಕೆಲಸ ಮಾತ್ರ ಸೊಗಸಾಗಿ ಬಂತು, ಸುಳ್ಳು ಹೇಳಬಾರದು. ದಿಂಬಿನ ಉಬ್ಬಿನ ಮೇಲೆ ಬರೆದ ಶರ್ಟನ್ನು ನಕ್ಷೆಗಾರರು ಹಾಕಿಕೊಂಡರೆ ಗೆರೆ ಒಂದು ಕೂದಲೆಳೆಯಷ್ಟೂ ಡೊಂಕಾಗುತ್ತಿರಲಿಲ್ಲ. ‘ಆನೆ ನಡೆದದ್ದೇ ದಾರಿ’ ಎಂಬುದರ ಆನೆಯನ್ನು ನೋಡಿ ಮಗಳು ಕೂಡ “ಅಪ್ಪ, ಇದು ನಿಜವಾಗ್ಲೂ ಚೆನ್ನಾಗಿದೆ” ಎಂದಳು. ಆ ಮಾತು ಕೇಳಿ ಅವರು ಸ್ನಾನದ ಮನೆಗೆ ಹೋಗಿ ಕಣ್ಣು ತೊಳೆದುಕೊಂಡು ಬಂದರು. ಎಷ್ಟೋ ವರ್ಷಗಳ ಮೇಲೆ ಅವರ ಅಕ್ಷರವನ್ನು ಒಬ್ಬರು ಚೆನ್ನಾಗಿದೆ ಎಂದಿದ್ದರು.

ಹುಚ್ಚು ಏರಿತು. ಒಂದಷ್ಟು ಶರ್ಟುಗಳು ಆದ ಮೇಲೆ, ಇನ್ನು ಮುಂದಿನವನ್ನು ಯಾರೂ ತೊಡುವಂತಿಲ್ಲ, ಸ್ವತಃ ತಾವೂ ತೊಡುವಂತಿಲ್ಲ, ಎಲ್ಲ ಪ್ರದರ್ಶನಕ್ಕೆ ಎಂದು ಮಡಚಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹಳೆಯವನ್ನೂ ಒಗೆಸಿ ಅಲ್ಲೇ ಸೇರಿಸಿದರು. ಊಟಕ್ಕೆ ಕರೆದರೆ “ಬಣ್ಣ ಒಣಗ್ತಿದೆ” ಎಂಬುದೊಂದೇ ಉತ್ತರ.

“ರೀ, ತಟ್ಟೆ ಆರಿಹೋಗ್ತಿದೆ.”

“ಈ ಒಂದು ಬಾಲ ಮುಗಿಸಿ ಬಂದೆ.”

“ಅದೇ ಬಾಲ ಬೆಳಗ್ಗೆನೂ ಬರೀತಿದ್ರಿ.”

“ಅದು ಹಸುವಿನ ಬಾಲ. ಇದು ನಾಯಿದು.”

ಆರಿಹೋದ ತಟ್ಟೆಯ ಮುಂದೆ ಮಾವನವರು ನಿಟ್ಟುಸಿರು ಬಿಡುತ್ತಿದ್ದರು. “ಉಣ್ಣೋದನ್ನ ಹಾಳು ಮಾಡಬಾರದಮ್ಮ. ನೆಂಟ ನಾನು, ಇಷ್ಟಾದ್ರೂ ಸಹಾಯ ಮಾಡ್ತೀನಿ,” ಎಂದು ಅದನ್ನೂ ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ಹೀಗೆ ತಿಂಗಳುಗಟ್ಟಲೆ ನಡೆಯಿತು. ನಕ್ಷೆಗಾರರ ಪ್ಯಾಂಟು ಜಾರತೊಡಗಿತು. ಮೇಡಂ ಎಚ್ಚರಿಸಿದರು, “ನೀವು ಅರ್ಧ ಆಗಿದ್ದೀರಿ, ಕನ್ನಡಿ ನೋಡ್ಕೊಳ್ಳಿ.”

“ಹಾಗೇನಿಲ್ಲ. ಈಗಿನ ಬೆಲ್ಟುಗಳು ಸರಿಯಿಲ್ಲ,” ಎಂದರು ನಕ್ಷೆಗಾರರು ಬಾಲದಿಂದ ತಲೆ ಎತ್ತದೆ.

ವರ್ಷ ಮುಗಿಯಿತು. ಇನ್ನೊಂದು ಸಂತೋಷವೂ ಜೊತೆಗೆ ಬಂತು. ಮಾವನವರು ಮುಂದಿನ ವಾರ ಮಗನ ಮನೆಗೆ ಹೊರಡುವುದಾಗಿ ಹೇಳಿ ಪೆಟ್ಟಿಗೆ ಕಟ್ಟಿದ್ದರು. “ಅಲ್ಲಾದ್ರೂ ದಿಂಬು ಸಿಗುತ್ತೆ,” ಎಂದಿದ್ದರು. ನಕ್ಷೆಗಾರರು ಬಹಳ ಬೇಸರದ ಮುಖ ಮಾಡಿ, ತಾವೇ ಹೋಗಿ ಟಿಕೆಟ್ ತಂದುಕೊಟ್ಟಿದ್ದರು.

ಪ್ರದರ್ಶನದ ದಿನ ಸಭಾಂಗಣದ ತುಂಬ ಹಗ್ಗ ಕಟ್ಟಿ ಶರ್ಟುಗಳನ್ನು ಸಾಲಾಗಿ ತೂಗುಹಾಕಿದರು. ತೂಗುಹಾಕಿದ ಮೇಲೆ ಅಕ್ಷರಗಳು ನಡುವೆ ಸ್ವಲ್ಪ ಮುದುಡಿದಂತೆ ಕಂಡವು. “ಅಪ್ಪ, ಇದೇನೋ ಸೊಟ್ಟ ಕಾಣುತ್ತಲ್ಲ,” ಎಂದಳು ಮಗಳು.

“ಖಾಲಿ ಬಟ್ಟೆ ಯಾವತ್ತೂ ಹಾಗೇ. ಒಳಗೆ ಮನುಷ್ಯ ಬರಬೇಕು,” ಎಂದರು ಅವರು ಗುರುಗಳ ಗತ್ತಿನಲ್ಲಿ.

ಮೊದಲು ಬಂದ ಮನುಷ್ಯ ಮೂರನೇ ಮಹಡಿಯ ಜಿಮ್ ಮಾಸ್ತರು. ಹೊಟ್ಟೆ ಎಂಬುದು ಬೆನ್ನಿಗೆ ಅಂಟಿಕೊಂಡ ಆಸಾಮಿ. ಸಂತೋಷದಿಂದ ಆನೆಯ ಶರ್ಟು ತೊಟ್ಟು ತಿರುಗಿ ನಿಂತರು. ಉಬ್ಬಿನ ಮೇಲೆ ಬರೆದ ಆನೆ ಉಬ್ಬು ಹೋದ ಮೇಲೆ ಎಲ್ಲಿ ನಿಲ್ಲಬೇಕು? ಹೊಟ್ಟೆ ಒಳಗೆ ಹೋಗಿ, ಕಾಲು ಒಂದಕ್ಕೊಂದು ಸೇರಿ, ಬೆನ್ನು ಕುಸಿದು ನಿಂತಿತ್ತು.

“ಸಾರ್, ಈ ಆಡಿಗೆ ಯಾಕೆ ಸೊಂಡಿಲು ಬರೆದಿದ್ದೀರಿ?” ಎಂದು ಅವರು ನಿಜವಾದ ಕುತೂಹಲದಿಂದ ಕೇಳಿದರು.

ಮುಂದೆ ಬಂದವರು ಹಲ್ಲಿನ ಡಾಕ್ಟರಮ್ಮ. ಸಣಕಲು ದೇಹ. ಅವರು ತೊಟ್ಟ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ನೋಡಿದರೆ ಹಾಸಿಗೆಯನ್ನು ಸುತ್ತಿ ಮೂಲೆಗಿಟ್ಟ ಹಾಗಿತ್ತು. ಕಾಲುಗಳ ಗತಿ ಹೇಳುವುದೇ ಬೇಡ. “ತುಂಬಾ ಚೆನ್ನಾಗಿದೆ,” ಎಂದು ಅವರು ಬಿಚ್ಚಿ ಮತ್ತೆ ಹಗ್ಗಕ್ಕೇ ಹಾಕಿದರು. ಅದಾದ ಮೇಲೆ ಬಂದವರೆಲ್ಲ ತುಂಬಾ ಚೆನ್ನಾಗಿದೆ ಎಂದು ಹೇಳಿ ಚಹಾದ ಕಡೆ ಹೋದರು.

ನಕ್ಷೆಗಾರರು ಚಹಾದ ದಾರಿಗೆ ಅಡ್ಡ ಬಂದರು. “ಒಂದು ನಿಮಿಷ ಇರಿ. ನಾನು ಹಾಕಿ ತೋರಿಸ್ತೀನಿ,” ಎಂದು ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎಂಬುದನ್ನು ತೊಟ್ಟು ನಡುವೆ ಬಂದು ನಿಂತರು. ಅಳತೆ ಅವರದೇ ತಾನೇ.

ಯಾರೂ ನಗಲಿಲ್ಲ. ಅದಕ್ಕೇ ಅವರಿಗೆ ಭಯವಾಯಿತು. ಬಗ್ಗಿ ನೋಡಿಕೊಂಡರು. ಗೆರೆ ಜೋತುಬಿದ್ದಿತ್ತು, ಕುಣಿಯುವವಳು ಮಡಿಕೆಯೊಳಗೆ ಸಿಕ್ಕಿಕೊಂಡಿದ್ದಳು, ನೆಲ ನಿಜವಾಗಿಯೂ ಡೊಂಕಾಗಿತ್ತು. ಹೊಟ್ಟೆ ಮುಟ್ಟಿಕೊಂಡರು. ಹೊಟ್ಟೆ ಇರಲಿಲ್ಲ. ವರ್ಷವಿಡೀ ದಿಂಬಿನ ಹೊಟ್ಟೆಯನ್ನೇ ನೋಡುತ್ತ ಕೂತವರು ತಮ್ಮದು ಯಾವಾಗ ಕೈಬಿಟ್ಟು ಹೋಯಿತೆಂದು ನೋಡಿಯೇ ಇರಲಿಲ್ಲ.

ಮೇಡಂ ದೂರದಿಂದ ಗಂಡನ ಮುಖ ನೋಡಿದರು. ಷರತ್ತು ಗೆದ್ದವರು ಖುಷಿಪಡಬೇಕಿತ್ತು. ಅವರಿಗೆ ಸಂಕಟವಾಯಿತು. ಎಷ್ಟೋ ದಿನ ಬೆಳಗ್ಗೆ ಆ ಮನುಷ್ಯ ಒಂದು ಬಾಲಕ್ಕಾಗಿ ಬೆನ್ನು ಬಗ್ಗಿಸಿ ಕೂತದ್ದು ಕಣ್ಣ ಮುಂದೆ ಬಂತು. ಹೋದ ಹೊಟ್ಟೆ ಎಲ್ಲಿಗೆ ಹೋಯಿತು ಎಂಬ ಲೆಕ್ಕವೂ ಅವರಿಗೆ ಗೊತ್ತಿತ್ತು. ಚಹಾದ ಪಕ್ಕದ ಕುರ್ಚಿಯ ಕಡೆ ತಿರುಗಿದರು.

“ಅಪ್ಪಾ, ನೀನೊಂದು ಹಾಕ್ಕೊಂಡು ನೋಡು.”

“ನಾನಾ? ನಾನು ಎರಡು ದಿನದ ನೆಂಟ.”

“ಅಪ್ಪಾ.”

ಮಾವನವರು ವಾಲಿದ ಕುತ್ತಿಗೆಯಿಂದ ಅಳಿಯನನ್ನು ನೋಡಿದರು. “ದಿಂಬು ವಾಪಸ್ ಬರುತ್ತಾ?”

“ಬರುತ್ತೆ, ಮಾವ,” ಎಂದರು ನಕ್ಷೆಗಾರರು.

ಮಾವನವರು ಆನೆಯ ಶರ್ಟು ತಲೆಯ ಮೇಲಿಂದ ಇಳಿಸಿಕೊಂಡರು. ಬಟ್ಟೆ ಹೊಟ್ಟೆಯ ಮೇಲೆ ಬಂದು ತುಂಬಿಕೊಂಡಿತು. ಆನೆ ಕಾಲೂರಿ ಎದ್ದು ನಿಂತಿತು. ಅಕ್ಷರಗಳು ಪಟ್ಟಿ ಹಿಡಿದಂತೆ ನೆಟ್ಟಗಾದವು. ಮಾವನವರು ಉಸಿರೆಳೆದಾಗಲೆಲ್ಲ ಆನೆ ಒಂದು ಹೆಜ್ಜೆ ಮುಂದಿಟ್ಟ ಹಾಗೆ ಕಾಣುತ್ತಿತ್ತು. ಚಹಾದ ಲೋಟ ಹಿಡಿದವರೆಲ್ಲ ಹತ್ತಿರ ಬಂದರು. ಜಿಮ್ ಮಾಸ್ತರು ಮೊದಲು ಚಪ್ಪಾಳೆ ತಟ್ಟಿದರು. ಒಂದಾದ ಮೇಲೊಂದು ಶರ್ಟು ಬದಲಾಯಿತು, ಪ್ರತಿಯೊಂದಕ್ಕೂ ಚಪ್ಪಾಳೆ ಬಿತ್ತು. ಕೊನೆಗೆ ಮಾವನವರು ಮತ್ತೆ ಆನೆಯನ್ನೇ ತೊಟ್ಟು, ಯಾರೂ ಹೇಳದೆಯೇ ರಸ್ತೆಗಿಳಿದು, ಮೂಲೆಯ ಅಂಗಡಿಯವರೆಗೆ ಹೋಗಿ ಅಂಗಡಿಯವನಿಗೂ ತೋರಿಸಿ ಬಂದರು.

“ಅಮ್ಮ, ತಾತ ಲೆಕ್ಕಕ್ಕಿಲ್ಲ ಅಲ್ವಾ? ಮನೆಯವರಲ್ಲದವರು ತಾನೇ ಹಾಕ್ಕೋಬೇಕಿತ್ತು?” ಎಂದು ಮಗಳು ಕೆದಕಿದಳು.

ನಕ್ಷೆಗಾರರಿಗೆ ಹೋದ ಜೀವ ಮರಳಿತ್ತು. ಎಲ್ಲರಿಗೂ ಕೇಳುವಂತೆ ಹೇಳಿದರು, “ಯಾಕೆ ಲೆಕ್ಕಕ್ಕಿಲ್ಲ? ಮಾವ ಮನೆಯವರಲ್ಲ, ನೆಂಟರು. ದಿನಾ ಅವರ ಬಾಯಲ್ಲೇ ಕೇಳಿದ್ದೀವಿ. ನೆಂಟರು ಅಂದ್ರೆ ನೆಂಟರೇ.”

ಮೇಡಂ ತೀರ್ಪು ಕೊಟ್ಟರು. “ಸರಿ. ಅಪ್ಪ ನೆಂಟ ಆಗಿರೋವರೆಗೂ ಮೇಜು ನಿಮ್ಮದು.”

ಮಾವನವರ ಕಣ್ಣು ತುಂಬಿತು. “ಎಲ್ಲರ ಮುಂದೆ ಇಷ್ಟು ಆದರದಿಂದ ನೆಂಟ ಅಂತ ಕರೆದ ಮೇಲೆ ಹೇಗಮ್ಮ ಹೋಗೋದು? ಇಷ್ಟೊಂದು ಬಟ್ಟೆ ಬೇರೆ ಆಯ್ತು. ಮಗನ ಮನೆಯಲ್ಲಿ ಇದನ್ನೆಲ್ಲ ಯಾರು ನೋಡ್ತಾರೆ? ಅಳಿಯಂದಿರೇ, ಆ ಟಿಕೆಟ್ ವಾಪಸ್ ಮಾಡಿಬಿಡಿ.”

ನಕ್ಷೆಗಾರರು ಬಾಯಿ ತೆರೆದರು. ನೆಂಟರಲ್ಲ ಎಂದರೆ ಮೇಜು ಹೋಗುತ್ತದೆ, ನೆಂಟರು ಎಂದರೆ ಮಾವ ಹೋಗುವುದಿಲ್ಲ. ಬಾಯಿ ಮುಚ್ಚಿದರು.

ಎರಡನೇ ವರ್ಷದ ಮೊದಲ ಶರ್ಟು ಮುಂದಿನ ವಾರವೇ ಶುರುವಾಯಿತು. ದಿಂಬು ಕೊಟ್ಟಾಗಿತ್ತು. “ಅಳತೆಗೆ ದಿಂಬು ಯಾಕೆ, ನಾನೇ ಇದ್ದೀನಲ್ಲ,” ಎಂದು ಮಾವನವರು ಊಟ ಮುಗಿಸಿ, ಬಿಳಿ ಶರ್ಟು ತೊಟ್ಟು, ಮೇಜನ್ನೇರಿ ಅಂಗಾತ ಮಲಗಿದರು. ತಲೆಯ ಕೆಳಗೆ ಅದೇ ದಿಂಬು. ಸೋಫಾದ ಮೇಲೆ ತಾಯಿ ಮಗಳು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ನೋಡುತ್ತಿದ್ದರು. ನಕ್ಷೆಗಾರರು ಕುಂಚ ಹಿಡಿದು, ಹೊಟ್ಟೆ ಏರಿದಾಗ ಒಂದು ಗೆರೆ ಎಳೆದು, ಇಳಿದಾಗ ಕಾದು, ಮತ್ತೆ ಏರಿದಾಗ ಇನ್ನೊಂದು ಎಳೆಯುತ್ತಿದ್ದರು.

“ಏನು ಬರೀತಿದ್ದೀರಿ?” ಎಂದು ಮಾವನವರು ಕಣ್ಣು ಮುಚ್ಚಿಕೊಂಡೇ ಕೇಳಿದರು.

“ಮಾಡಿದ್ದುಣ್ಣೋ ಮಹಾರಾಯ.”

“ಒಳ್ಳೆ ಗಾದೆ,” ಎಂದು ಮಾವನವರು ನಿದ್ದೆಗೆ ಜಾರುತ್ತ ಹೇಳಿದರು. “ಆ ಉಣ್ಣೋ ಅನ್ನೋದನ್ನ ಸ್ವಲ್ಪ ದೊಡ್ಡದಾಗಿ ಬರೀರಿ.”