ಪಂಚಾಂಗದಲ್ಲಿಲ್ಲದ ಗ್ರಹಣ

ಊಟ ಬಡಿಸುವುದರಲ್ಲಿ ನನ್ನನ್ನು ಸೋಲಿಸುವವನು ಚೆನ್ನೈಯ ಗಿಂಡಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಹಾಗಾಗಿ ನಮ್ಮ ಹೋಟೆಲಿನ ಹತ್ತಿರದ ಕಾಲೇಜಿನವರು ಬಂದು, ಬಾಹ್ಯಾಕಾಶ ಹವಾಮಾನ ಕಲಿಯುವ ಅಂತರರಾಷ್ಟ್ರೀಯ ವಿದ್ಯಾರ್ಥಿ ಶಿಬಿರಕ್ಕೆ ಮಧ್ಯಾಹ್ನದ ಊಟ ನಿಮ್ಮದು ಎಂದಾಗ ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಹವಾಮಾನ ಅಂದರೆ ಮಳೆ, ಮಳೆ ಅಂದರೆ ಬಜ್ಜಿ. ಇದರಲ್ಲಿ ನನಗೆ ತಿಳಿಯದ್ದು ಏನಿದೆ!

ಶಿಬಿರದ ಮೇಡಂ ತಿದ್ದಿದರು. ಇದು ಮಳೆಯಲ್ಲ, ಸೂರ್ಯನ ವಿಷಯ. ಸೂರ್ಯ ಆಗಾಗ ಸಿಡಿದು ಏನೇನೋ ಎಸೆಯುತ್ತಾನಂತೆ. ಅದು ಭೂಮಿಗೆ ಬಡಿದರೆ ಉಪಗ್ರಹ, ಕರೆಂಟು, ಫೋನು ಎಲ್ಲಕ್ಕೂ ತೊಂದರೆಯಂತೆ. ಅದನ್ನು ಮೊದಲೇ ಹೇಳಲು ಕಲಿಯಲಿಕ್ಕೆ ದೇಶದೇಶಗಳಿಂದ ಮಕ್ಕಳು ಬಂದಿದ್ದರು. ನಾನು ಗಂಭೀರವಾಗಿ ತಲೆಯಾಡಿಸಿ, ಸಾಂಬಾರಿಗೆ ಖಾರ ಎಷ್ಟಿರಬೇಕೆಂದು ಕೇಳಿದೆ.

ಸಂಜೆಯ ತಿಂಡಿ ಯಾರದೆಂದು ತಿಳಿದಾಗ ಮಾತ್ರ ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ನನ್ನ ಷಡ್ಡಕ ಸದಾನಂದ! ಹೆಂಡತಿಯ ತಂಗಿಯ ಗಂಡ. ಅದೇ ಊರಿನ ಪ್ಯಾರೀಸ್ ಕಾರ್ನರಿನಲ್ಲಿ ಹೋಟೆಲಿಟ್ಟವನು. ಶಿಬಿರ ಶುರುವಾಗಿ ಇನ್ನೂ ಸರಿಯಾಗಿ ಉಸಿರು ಬಿಟ್ಟಿರಲಿಲ್ಲ, ಮಕ್ಕಳು ಅವನನ್ನು ‘ಸದಾ ಅಂಕಲ್’ ಎನ್ನತೊಡಗಿದರು. ನನ್ನನ್ನು ಕರೆಯುತ್ತಿದ್ದದ್ದು ‘ಎಕ್ಸ್‌ಕ್ಯೂಸ್ ಮಿ’ ಎಂದು.

“ಭಾವ, ನಿನ್ನೆ ಮಕ್ಕಳು ನಂಗೆ ಟೆಲಿಸ್ಕೋಪಲ್ಲಿ ಸೂರ್ಯನ ಕಲೆ ತೋರಿಸಿದ್ರು ಮಾರಾಯ್ರೆ. ನಿಮ್ಗೆ ತೋರಿಸ್ಲಿಲ್ವಾ?” ಎಂದು ಸದಾನಂದ ಬೇಕೆಂದೇ ಕೇಳಿದ.

ಹುಟ್ಟಿದಂದಿನಿಂದ ಅದೇ ಸೂರ್ಯನ ಕೆಳಗೆ ಬೆವರುತ್ತಿರುವ ನನಗೆ ಯಾರೂ ಒಂದು ಕಲೆಯನ್ನೂ ತೋರಿಸಿರಲಿಲ್ಲ. ನನ್ನ ಹೊಟ್ಟೆ ಹೇಗೆ ಉರಿಯಿತೆಂದರೆ, ಗ್ಯಾಸ್ ಇಲ್ಲದೆ ಒಗ್ಗರಣೆ ಹಾಕಬಹುದಿತ್ತು!

ಅದರ ಮೇಲೆ ಮೇಡಂ ಇನ್ನೊಂದು ಸುದ್ದಿ ಹೇಳಿದರು. ಕೊನೆಯ ದಿನದ ಔತಣ ನಮ್ಮಿಬ್ಬರಲ್ಲಿ ಒಬ್ಬರಿಗೆ, ಯಾರಿಗೆಂದು ಮಕ್ಕಳೇ ಹೇಳುತ್ತಾರೆ. ಆ ಔತಣ ನನಗೆ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಸದಾನಂದನಿಗೆ ಅದು ಸಿಗಬಾರದಿತ್ತು.

ಮರುದಿನ ಬೆಳಿಗ್ಗೆ ಕಾಲೇಜಿನ ಅಡಿಗೆಮನೆಯಲ್ಲಿ ಅನ್ನ ಕುದಿಯುತ್ತಿದ್ದಾಗ ಶಿಬಿರದ ವಾಟ್ಸಾಪ್ ಗುಂಪಿನಲ್ಲಿ ಮೆಸೇಜು ಬಂತು. ಮಧ್ಯಾಹ್ನ ಪ್ರಬಲ ಸೌರ ಬಿರುಗಾಳಿ ಭೂಮಿಗೆ ಅಪ್ಪಳಿಸಲಿದೆ, ಎಲ್ಲರೂ ತಮ್ಮ ತಮ್ಮ ವಿಭಾಗದಲ್ಲಿ ಮುನ್ನೆಚ್ಚರಿಕೆ ವಹಿಸಿ. ಸದಾನಂದನಿಗೆ ಸೂರ್ಯನನ್ನು ನೋಡಲು ಮಾತ್ರ ಗೊತ್ತು, ಸೂರ್ಯನಿಗೆ ಏನಾದರೂ ಆದರೆ ಅಡಿಗೆಯನ್ನು ಹೇಗೆ ಕಾಯಬೇಕೆಂದು ನಮ್ಮ ಅಜ್ಜಿಯ ಕಾಲದಿಂದ ನನಗೆ ಗೊತ್ತು! ತಕ್ಷಣ ಒಲೆ ಆರಿಸಿದೆ. ಹೋಟೆಲಿಗೆ ಓಡಿ ದೇವರ ಕೋಣೆಯಿಂದ ದರ್ಭೆ ತಂದು ಮೊಸರು, ಸಾಂಬಾರು, ಉಪ್ಪಿನಕಾಯಿ, ಕುಡಿಯುವ ನೀರು, ಎಲ್ಲದರ ಮೇಲೂ ಇಟ್ಟೆ. ಅಡಿಗೆಯವರನ್ನು ಸ್ನಾನಕ್ಕೆ ಕಳಿಸಿದೆ.

ನನ್ನ ಹೆಂಡತಿ ವನಜಾ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. “ಇದೆಂತ ನೀವು ಮಾಡುದು? ಪಂಚಾಂಗದಲ್ಲಿ ಗ್ರಹಣ ಇಲ್ವಲ್ಲ!”

“ಇದು ಪಂಚಾಂಗಕ್ಕೂ ಗೊತ್ತಿಲ್ಲದ್ದು. ಸೈನ್ಸು!”

“ಅನ್ನ ಅರ್ಧ ಬೆಂದದ್ದು ಮಾರಾಯ್ರೆ!”

“ಇರ್ಲಿ. ಮೋಕ್ಷಕಾಲ ಆಗದೆ ಒಂದು ತುತ್ತೂ ಬಡಿಸುದಿಲ್ಲ.”

ಮಕ್ಕಳು ಹಸಿದು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತು, ಬಿರುಗಾಳಿ ಎಷ್ಟು ಹೊತ್ತಿಗೆ ಬಿಡುತ್ತದೆಂದು ಒಬ್ಬ ಹುಡುಗಿಯನ್ನು ಕೇಳಿದೆ. ಅವಳು ಲ್ಯಾಪ್‌ಟಾಪ್ ನೋಡಿ, ಬಹಳ ವಿನಯದಿಂದ, ಎರಡು ದಿನ ಆಗಬಹುದು ಎಂದಳು.

ಮೇಡಂ ಓಡಿ ಬಂದರು. ಪಾತ್ರೆ ನೋಡಿದರು, ದರ್ಭೆ ನೋಡಿದರು, ನನ್ನನ್ನು ನೋಡಿದರು. “ಎನ್ನ ಸಾರ್ ಇದು?” ಎಂದು ಗಾಬರಿಗೆ ತಮಿಳಿನಲ್ಲೇ ಕೇಳಿದರು. “ಇದು ಬರೀ ಅಭ್ಯಾಸ. ನಿಜವಾದ ಬಿರುಗಾಳಿ ಅಲ್ಲ. ಎರಡನೇ ಮೆಸೇಜಿನಲ್ಲಿ ಹಾಕಿದ್ದೆನಲ್ಲ!”

ಎರಡನೇ ಮೆಸೇಜು ಬಂದಾಗ ನಾನು ದರ್ಭೆ ಹುಡುಕುತ್ತಿದ್ದೆ.

ಅಷ್ಟರಲ್ಲಿ ಸಂಜೆಯ ತಿಂಡಿ ಹೊತ್ತ ಸದಾನಂದನ ವ್ಯಾನು ಬಂತು. ಪ್ಯಾರೀಸ್ ಕಾರ್ನರಿನ ಟ್ರಾಫಿಕ್ಕಿಗೆ ಹೆದರಿ ಬೇಗ ಹೊರಡುವ ಹಾಳು ಅಭ್ಯಾಸ ಅವನಿಗೆ. ಮಕ್ಕಳು ಜೇನ್ನೊಣಗಳಂತೆ ಮುತ್ತಿದರು. ಇಡ್ಲಿ ಖಾಲಿ, ವಡೆ ಖಾಲಿ. ತಿಂದು ಕೈ ತೊಳೆದವರು ಒಬ್ಬೊಬ್ಬರಾಗಿ ಬಂದು, ನನ್ನನ್ನೂ ನಿಲ್ಲಿಸಿಕೊಂಡು, ನನ್ನ ಸಾಂಬಾರಿನ ಫೋಟೋ ತೆಗೆದುಕೊಂಡು ಹೋದರು. ಔತಣ ಯಾರಿಗೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ.

ಕೊನೆಯ ದಿನ ನಮ್ಮನ್ನೂ ಕರೆದಿದ್ದರು. ಮಕ್ಕಳು ಕಲಿತದ್ದನ್ನೆಲ್ಲ ಪರದೆಯ ಮೇಲೆ ತೋರಿಸುತ್ತಿದ್ದಾಗ ಇದ್ದಕ್ಕಿದ್ದಂತೆ ನನ್ನ ಚಿತ್ರ ಬಂತು. ಕೈಯಲ್ಲಿ ದರ್ಭೆ, ಹಿಂದೆ ಸಾಂಬಾರು. ಸಭಾಂಗಣವೆಲ್ಲ ಚಪ್ಪಾಳೆ! ನಾನು ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈಮುಗಿದೆ.

ವನಜಾ ನನ್ನ ಅಂಗಿ ಎಳೆದಳು. “ಕೂತ್ಕೊಳ್ಳಿ. ‘ಎಚ್ಚರಿಕೆಯನ್ನು ಅರ್ಧ ಓದಿದರೆ ಆಗುವ ಹಾನಿ’ ಅಂತ ಇಂಗ್ಲಿಷಲ್ಲಿ ಬರ್ದದ್ದುಂಟು ಕೆಳಗೆ.”

ನಾನು ಕೂತೆ. ಪಕ್ಕದಲ್ಲಿ ಸದಾನಂದ ಮುಖ ಊದಿಸಿಕೊಂಡಿದ್ದ. “ಎಂತ ಭಾವ ಇದು? ದಿನಾ ತಿಂಡಿ ಕೊಟ್ಟದ್ದು ನಾನು, ಪರದೆಯಲ್ಲಿ ಬಂದದ್ದು ನೀವು! ಇನ್ನು ಆ ಫೋಟೋ ದೇಶದೇಶಕ್ಕೆಲ್ಲ ಹೋಗ್ತದೆ. ನಂದೊಂದು ಫೋಟೋವೂ ಇಲ್ಲ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಸದಾನಂದನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಆ ಸಂತೋಷದಲ್ಲಿ ಔತಣದ ಎಲೆಯ ಮುಂದೆ ಕೂತು, ಸಂಕೋಚವಿಲ್ಲದೆ ಉಂಡೆ. ಎರಡನೆಯ ಸಲ ಪಾಯಸ ಹಾಕಿಸಿಕೊಂಡ ಮೇಲೆ ಅದು ಯಾರು ಮಾಡಿದ ಪಾಯಸವೆಂದು ನೆನಪಾಯಿತು. ಹಾಳಾದ್ದು, ರುಚಿಯಾಗಿಯೂ ಇತ್ತು!